ಟಗರಿನ ಬೀಜ, ನನ್ನ ಅವಸರ

ದನದ ದವಾಖಾನಿಯಲ್ಲಿ ಕೆಲಸ ಮಾಡಿದವನಿಗೆ ನಗುವ ಸಂಗತಿಗಳಿಗೆ ಬರ ಇಲ್ಲ. ಬೆಳಿಗ್ಗೆ ಬಾಗಿಲು ತೆರೆದರೆ ಹೊಸದೊಂದು ಕೈಯಲ್ಲಿ ಹಗ್ಗ ಹಿಡಿದು ಬಂದು ನಿಂತಿರುತ್ತದೆ. ನಾನು ಕಂಪೌಂಡರ್ ಆಗಿದ್ದಷ್ಟು ವರ್ಷ ಅವು ಬರುತ್ತಲೇ ಇದ್ದವು. ಮದುವೆಗೆ ಹೋದಲ್ಲಿ, ಬಸ್ಸಿಗೆ ಕಾದಲ್ಲಿ, ಅವನ್ನೇ ಹೇಳಿ ಜನರನ್ನು ನಗಿಸುತ್ತಲೇ ಇದ್ದೆ. ಈಗ ವಯಸ್ಸಾಯಿತು. ಅವನ್ನೇ ಹೇಳಲು ಹೋದರೆ ನಡುವೆ ಎಲ್ಲೋ ಮಾತು ಬದಲಿಸುತ್ತೇನೆ. ನಕ್ಕವನು ನಾನು, ಕಳೆದುಕೊಂಡವರು ಬೇರೆ ಯಾರೋ.

ನಮ್ಮ ದವಾಖಾನಿ ಶಹಾಪುರಕ್ಕೂ ಸುರಪುರಕ್ಕೂ ನಡುವಿನ ಒಂದು ಸಣ್ಣ ಊರಿನಲ್ಲಿತ್ತು. ಊರಿನ ಹೆಸರು ಬೇಡ, ಅಲ್ಲಿಯವರು ಇವತ್ತಿಗೂ ನನ್ನ ಗುರುತು ಹಿಡಿಯುತ್ತಾರೆ. ಪೊಲೀಸ್ ಆ್ಯಕ್ಷನ್ ಮುಗಿದು, ನಿಜಾಮರ ಆಳ್ವಿಕೆ ಹೋಗಿ, ಮುಂದೆ ನಾವು ಯಾವ ರಾಜ್ಯದವರು ಎಂಬುದು ಚಹಾದಂಗಡಿಯಲ್ಲಿ ದಿನಾ ಒಂದೊಂದು ರೀತಿ ತೀರ್ಮಾನವಾಗುತ್ತಿದ್ದ ಕಾಲ. ನಾನು ಓದಿದ್ದು ಉರ್ದುವಿನಲ್ಲಿ, ಆಡುತ್ತಿದ್ದುದು ಕನ್ನಡ, ಔಷಧದ ಬಾಟಲಿ ಮೇಲೆ ಇದ್ದದ್ದು ಇಂಗ್ಲಿಷ್. ಮೂರನ್ನೂ ಅರ್ಧರ್ಧ ಬಲ್ಲವನಾಗಿ, ಎಲ್ಲಾ ಗೊತ್ತು ಎಂಬ ಧೈರ್ಯದಲ್ಲಿ ಕೆಲಸಕ್ಕೆ ಸೇರಿದೆ.

ಬೆಕ್ಕು ತಿಂದ ಪಾಠ

ನಮ್ಮ ಡಾಕ್ಟರ್ ಸಾಹೇಬರು ಹೈದರಾಬಾದಿನಲ್ಲಿ ಕಲಿತು ಬಂದವರು. ಮನೆಯಲ್ಲಿ ದಖನಿ ಮಾತು, ನಮ್ಮ ಜೊತೆ ಕನ್ನಡ. ನಾನು ಸೇರಿದ ಮೊದಲ ತಿಂಗಳಲ್ಲೇ ಅವರು ಕಸಾಯಿ ಅಂಗಡಿಯಿಂದ ಟಗರಿನ ಎರಡು ಅಂಡ ತರಿಸಿದರು. ಒಂದನ್ನು ಮೇಜಿನ ಮೇಲಿಟ್ಟು ಸೀಳಿದರು.

"ಇದು ಬೀಜ ಹುಟ್ಟೋ ಮನಿ. ಇದರ ಬೆನ್ನಿಗಿ ಅಂಟಿಕೊಂಡು ಇನ್ನೊಂದು ಅದ ನೋಡು, ರುಮಾಲು ಸುತ್ತಿದಂಗ? ಅದು ಒಂದ ನೂಲು. ಬಿಚ್ಚಿದ್ರ ಈ ದವಾಖಾನಿಯಿಂದ ಬಸ್ ನಿಲ್ಲೋ ಜಾಗದ ತನಕ ಹೋಗತದ."

"ಅಷ್ಟು ಉದ್ದ ಯಾಕ್ರಿ?"

"ಹುಟ್ಟಿದ ಕೂಡಲೆ ಬೀಜಕ್ಕ ಏನೂ ಬರಂಗಿಲ್ಲ ಮಿಯಾ. ತಲಿ ಅದ, ಬಾಲ ಅದ, ಆದ್ರ ಈಸಾಕ ಬರಂಗಿಲ್ಲ. ಹೆಣ್ಣಿನ ತತ್ತಿ ಸಿಕ್ಕರೂ ಒಳಗ ಹೋಗಾಕ ಬರಂಗಿಲ್ಲ. ಈ ನೂಲಿನಾಗ ಹತ್ತು ಹದಿನೈದು ದಿನ ಸಾಗಿ ಬರತಾವ. ಬರ್ತಾ ಬರ್ತಾ ಒಂದೊಂದ ಕಲೀತಾವ. ಕಡೀಕ ಈ ತುದಿಗಿ ಬಂದು ಕುಂತಾಗ ಹಣ್ಣಾದ್ವು ಅಂತ ತಿಳಿ."

ಸೂಜಿ ಹಿಡಿದು ಮಧ್ಯಾಹ್ನವೆಲ್ಲಾ ಬಿಡಿಸಿದೆವು. ಒಂದು ಗೇಣು ಬಿಚ್ಚುವಷ್ಟರಲ್ಲಿ ನನ್ನ ಕಣ್ಣು ಕೆಂಪಾದವು. ಸಾಹೇಬರು, "ಎರಡನೇದು ಮನ್ಯಾಗ ಇಡತೀನಿ. ನಾಳೆ ಬಾ. ಕಾಯಿ ಬೀಜ ಹೆಂಗ ಕಾಣತದ, ಹಣ್ಣ ಬೀಜ ಹೆಂಗ ಕಾಣತದ, ಚಿತ್ರ ಬರದು ತೋರಸತೀನಿ" ಎಂದರು.

ಮರುದಿನ ನೋಟ್‌ಬುಕ್ ಹಿಡಿದು ಅವರ ಮನೆಗೆ ಹೋದೆ. ಮನೆ ನೋಡಿಕೊಳ್ಳುತ್ತಿದ್ದವರು ಸಾಹೇಬರ ಚಿಕ್ಕಮ್ಮ, ಎಲ್ಲರಿಗೂ ಖಾಲಾ. ನಾನು ಕೂತ ಕೂಡಲೆ ಬಿಸಿ ರೊಟ್ಟಿ, ಮೇಲೆ ಹುರಿದ ತುಂಡುಗಳು ಬಂದವು. ಸಾಹೇಬರ ಮುಖ ಬಿಳಿಚಿತು.

"ಖಾಲಾ, ಇದರ ಬೆನ್ನಿಗಿ ಒಂದು ಅಂಟಿಕೊಂಡಿತ್ತಲ್ಲ?"

"ಧಾಗಾ ಧಾಗಾ ಥಾ ಬೇಟಾ, ಸಾಫ್ ಕರ್ಕೆ ಬಿಲ್ಲಿ ಕು ಡಾಲ್ದಿ" ಎಂದರು ಖಾಲಾ. ನೂಲು ನೂಲಾಗಿತ್ತು, ತೆಗೆದು ಬೆಕ್ಕಿಗೆ ಹಾಕಿದೆ ಎಂದು.

ಕಾಯಿ ಬೀಜ ಹೇಗೆ ಕಾಣುತ್ತದೆ ಎಂದು ಆಮೇಲೆ ಯಾವತ್ತಾದರೂ ನಾನು ಕೇಳಬಹುದಿತ್ತು. ಕೇಳಲಿಲ್ಲ. ಕೇಳಿದರೆ ಗೊತ್ತಿಲ್ಲ ಎಂದು ತಿಳಿದುಬಿಡುತ್ತದಲ್ಲ ಎಂಬ ಬಿಂಕ. ಅವತ್ತು ಸಾಹೇಬರು ಮಾತ್ರ ತಟ್ಟೆ ನೋಡಿದರು, ಒಲೆಯ ಹತ್ತಿರ ಮೀಸೆ ನೆಕ್ಕುತ್ತಿದ್ದ ಬೆಕ್ಕನ್ನು ನೋಡಿದರು, ನಿಟ್ಟುಸಿರು ಬಿಟ್ಟರು: "ಉಣ್ಣು ಮಿಯಾ. ಪಾಠ ಪೂರಾ ಕಲತಾಂವ ಇವತ್ತಿಗಿ ಅಂವ ಒಬ್ಬನ."

ಇಕ್ಕಳ ದಾಟಿದ್ದು

ಹತ್ತಿಕುಣಿ ಕಡೆಯ ಒಬ್ಬ ಅಕ್ಕ ಸಂತೆಯಿಂದ ತಂದ ಹೋರಿಯ ಬೀಜ ಒಡೆಸಬೇಕೆಂದಳು. ನೇಗಿಲಿಗೆ ಎತ್ತು ಬೇಕಿತ್ತು. ಅವಳ ಹತ್ತಿರ ಒಂದು ಆಕಳೂ ಇತ್ತು. ಅದನ್ನು ಸರಕಾರದ ತಳಿ ಹೋರಿಗೆ ಕೊಡಿಸಬೇಕೆಂದು ಸರದಿ ಹಚ್ಚಿ ಕಾಯುತ್ತಿದ್ದಳು.

ನಾನು ದೊಡ್ಡ ಇಕ್ಕಳ ಒಯ್ದು, ಅಂಡದ ಮೇಲಿನ ನಾಳ ಎರಡೂ ಕಡೆ ಅಮುಕಿ ಮುಗಿಸಿದೆ. ಕೈ ತೊಳೆಯುವಾಗ ಅಕ್ಕ ಕೇಳಿದಳು: "ತಮ್ಮಾ, ಇನ್ನ ಆಕಳ ಜೋಡಿ ಒಂದ ಕೊಟ್ಟಿಗ್ಯಾಗ ಕಟ್ಟಿದ್ರ ನಡೀತದೇನು?"

"ನಡೀತದಕ್ಕಾ. ಈ ಗಳಿಗಿಯಿಂದ ಅಂವ ಸನ್ಯಾಸಿ."

ಮೂರು ತಿಂಗಳಿಗೆ ಆಕಳು ಗಬ್ಬ ಎಂದು ಗೊತ್ತಾಯಿತು. ಸರದಿ ತಪ್ಪಿತು. ಸನ್ಯಾಸಿಯ ಮೇಲೆ ಯಾರೂ ಅನುಮಾನ ಪಡಲಿಲ್ಲ. ಪಕ್ಕದ ಮನೆಯವನ ಹತ್ತಿರ ಒಂದು ಬಡಕಲು ಹೋರಿ ಇತ್ತು, ಬೇಲಿ ಹಾರುವ ಚಾಳಿಯದು. ಅಪವಾದ ಅದರ ತಲೆಗೆ ಬಂತು. ಅವನು ಹನುಮಪ್ಪನ ಗುಡಿ ಮುಂದೆ ನಿಂತು ಆಣೆ ಮಾಡಿದ. ಅಕ್ಕ ನಂಬಲಿಲ್ಲ. ಎರಡು ಮನೆಗೂ ಒಂದೇ ಬಾವಿ. ಒಬ್ಬರು ನೀರಿಗೆ ಬಂದರೆ ಇನ್ನೊಬ್ಬರು ಖಾಲಿ ಕೊಡ ಹೊತ್ತು ತಿರುಗಿ ಹೋಗುತ್ತಿದ್ದರು. ಅವರ ಮನೆಯ ಮದುವೆಗೆ ಇವರು ಹೋಗಲಿಲ್ಲ, ಇವರ ಮನೆಯ ಸಾವಿಗೆ ಅವರು ಬರಲಿಲ್ಲ.

ಕರು ಹುಟ್ಟಿತು. ಅದರ ಹಣೆಯ ಮೇಲೆ ಸನ್ಯಾಸಿಯ ಹಣೆಯ ಮೇಲಿದ್ದಂಥದೇ ಬಿಳಿ ಚಂದ್ರ. ಅಕ್ಕ ಕರುವನ್ನೂ ಸನ್ಯಾಸಿಯನ್ನೂ ಹಿಡಿದುಕೊಂಡು ದವಾಖಾನಿಗೆ ಬಂದು ನನ್ನ ಮುಂದೆ ಕಟ್ಟಿ ನಿಂತಳು.

ಸಾಹೇಬರು ನನ್ನನ್ನು ಒಳಗೆ ಕರೆದರು. "ನಾಳ ಅಮುಕಿದ್ರ ಹಿಂದಿಂದು ನಿಲ್ಲತದ. ಹಣ್ಣಾಗಿ ಮೊದಲ ದಾಟಿ ಹೋದದ್ದು? ಅದು ಮುಂದ ಕುಂತಿರತದಲ್ಲ. ಒಂದು ತಿಂಗಳ ತನಕ ಬ್ಯಾರೆ ಕಟ್ಟಬೇಕು ಅಂತ ಹೇಳಬೇಕಿಲ್ಲೇನು?"

ಹೇಳಬೇಕಿತ್ತು. ನಾನೇ ಅಕ್ಕನ ಜೊತೆ ಹೋಗಿ ಪಕ್ಕದ ಮನೆಯವನ ಮುಂದೆ ಕೈ ಮುಗಿದು ತಪ್ಪು ನನ್ನದೆಂದೆ. ಅಕ್ಕನೂ ಸೆರಗು ಒಡ್ಡಿದಳು. ಅವನು ಕೊಟ್ಟಿಗೆ ಕಡೆ ಕೈ ತೋರಿಸಿದ.

"ನಂದೇನೋ ಇರಲಿ ಬಿಡ್ರಿ. ಆರು ತಿಂಗಳಾತು, ನನ್ನ ಹೋರಿ ಊರಾಗ ಮಾರಿ ಕೆಳಗ ಹಾಕ್ಕೊಂಡು ನಡ್ಯಾಕತ್ತದ. ಅದಕ್ಕೂ ಒಂದು ಮಾತು ಹೇಳಿ ಹೋಗ್ರಿ."

ಹೋಗಿ ಹೇಳಿದೆ. ನಾನು ಹೋರಿಯ ಮುಂದೆ ಕೈ ಮುಗಿದದ್ದು ಅದೊಂದೇ ಸಲ. ಅದು ಮುಖ ತಿರುಗಿಸಿಕೊಂಡಿತು.

ಷರಾ

ಆಮೇಲೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉರ್ದು ರಿಜಿಸ್ಟರುಗಳನ್ನು ಗಂಟು ಕಟ್ಟಿ ಅಟ್ಟಕ್ಕೆ ಹಾಕಿ, ಕನ್ನಡದ ಹೊಸ ನಮೂನೆ ಬಂದವು. ಅವುಗಳ ಹಿಂದೆಯೇ ಮೈಸೂರು ಕಡೆಯ ಒಬ್ಬ ಅಧಿಕಾರಿಗಳು ತಪಾಸಣೆಗೆ ಬಂದರು. ಒಳ್ಳೆಯವರು, ಮೆದು ಮಾತಿನವರು. ನಾವು "ಬರ್ರಿ, ಕುಂದರ್ರಿ" ಎಂದರೆ ಜಗಳಕ್ಕೆ ಕರೆದೆವೇನೋ ಎಂಬಂತೆ ಬೆಚ್ಚುತ್ತಿದ್ದರು.

ರಿಜಿಸ್ಟರಿನ ಕೊನೆಯ ಕಾಲಮ್ಮಿನಲ್ಲಿ ನಾನು ಹಳೆಯ ರೂಢಿಯಂತೆ "ಕೈಫಿಯತ್" ಎಂದು ಬರೆದಿದ್ದೆ. ಅಧಿಕಾರಿಗಳು ಅದಕ್ಕೆ ಗೆರೆ ಎಳೆದರು. "ಇನ್ನು ಮೇಲೆ ಶುದ್ಧವಾಗಿ ಕನ್ನಡದಲ್ಲಿ ಬರೆಯಿರಿ. ಇಲ್ಲಿ 'ಷರಾ' ಅಂತ ಹಾಕಬೇಕು."

ಸಾಹೇಬರು ಎದ್ದು ನಿಂತು ಬಹಳ ವಿನಯದಿಂದ ಹೇಳಿದರು: "ಹಂಗ ಆಗಲಿ ಸಾಹೇಬ್ರ. ಅದೂ ನಮ್ಮ ಮನಿ ಕಡಿದ ಮಾತು, ಅರಬಸ್ತಾನದಿಂದ ಬಂದದ್ದು. ನಿಮ್ಮ ಊರಿಗಿ ನಮ್ಮಕಿಂತ ಮೊದಲ ಹೋಗಿ ನೆಲಿ ನಿಂತಾದ."

ಅಧಿಕಾರಿಗಳೂ ನಕ್ಕರು. ಆದರೆ ಸಾಹೇಬರ ಮುಖದಲ್ಲಿ ಅವತ್ತು ಒಂದು ತೆರನ ಆಯಾಸ ಇತ್ತು. ಅಷ್ಟು ವರ್ಷ ಮುತ್ತಿನಂಥ ಉರ್ದು ಬರೆದ ಮನುಷ್ಯ, ನಿವೃತ್ತಿಗೆ ಎರಡು ವರ್ಷ ಇರುವಾಗ ಸಾಯಂಕಾಲ ನನ್ನ ಹತ್ತಿರ ಕೂತು ಕಾಗುಣಿತ ತಿದ್ದುತ್ತಿದ್ದರು. ನಾನು ಅವರ ತಪ್ಪಿಗೆ ಕೆಂಪು ಶಾಯಿ ಹಾಕುತ್ತಿದ್ದೆ. ಹಾಕಬಾರದಿತ್ತು. ಒಂದು ದಿನ ತಮ್ಮ ಹಾಳೆ ನೋಡಿಕೊಂಡು ಅಂದರು: "ಮಿಯಾ, ನೀ ಹೋರಿ ಬೀಜ ಒಡಿವಾಗೂ ಇಷ್ಟು ರಕ್ತ ಬರಲಿಲ್ಲ."

ಕೊರಳಲ್ಲಿ ಹನಿ

ಮೈಸೂರಿನವರು ಕೊಟ್ಟ ದೊಡ್ಡ ಉಡುಗೊರೆ ಒಂದು ಸೂಕ್ಷ್ಮದರ್ಶಕ. ಸಾಹೇಬರು ಅದನ್ನು ಖುರ್ದಬೀನ್ ಎನ್ನುತ್ತಿದ್ದರು, ಜನ ಕಣ್ಣಿನ ಮಷಿನ್ ಎನ್ನುತ್ತಿದ್ದರು. ಅದು ಬಂದ ಮೇಲೆ ಬಿಂಕದಲ್ಲಿ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಸಾಹೇಬರು ರಜೆಯ ಮೇಲೆ ಹೈದರಾಬಾದಿಗೆ ಹೋಗಿದ್ದಾಗ ಬೋನಾಳದಿಂದ ಒಬ್ಬ ಕುರುಬರ ಮುತ್ಯಾ, ಅವನ ಹೆಂಡತಿ ಆಯಿ, ಒಂದು ಕರಿ ಟಗರು ಹೊಡೆದುಕೊಂಡು ಬಂದರು. ತಾಯಿ ಸತ್ತ ಮರಿಯನ್ನು ಆಯಿ ಬಟ್ಟೆಯ ತುದಿಯಿಂದ ಹಾಲು ಚೀಪಿಸಿ ಬೆಳೆಸಿದ್ದಳಂತೆ. ಬಂದಾಗಿನಿಂದ ಅದು ಅವಳ ಸೀರೆಯ ಸೆರಗು ಬಾಯಲ್ಲಿ ಹಿಡಿದೇ ನಿಂತಿತ್ತು.

"ಈ ಹಂಗಾಮಿಗಿ ಕುರಿ ಗಬ್ಬ ನಿಂದರವಲ್ವು" ಎಂದ ಮುತ್ಯಾ. "ತಿರುಗಿ ತಿರುಗಿ ಬೆದಿಗಿ ಬರಾಕತ್ತಾವ."

"ಎಷ್ಟು ಕುರಿಗಿ ಬಿಟ್ಟೀರಿ?"

"ನಮ್ಮ ಹಿಂಡು, ತಮ್ಮನ ಹಿಂಡು, ಬೀಗರ ಹಿಂಡು. ಚಂದ ಟಗರು ಅಂತ ಎಲ್ಲಾರೂ ಕೇಳತಾರ. ಇಲ್ಲ ಅನ್ನಾಕ ಬರತದೇನು?"

ಆಯಿ ನಡುವೆ ಬಾಯಿ ಹಾಕಿದಳು: "ಎಪ್ಪಾ, ಅದಕ್ಕ ದಣಿವಾಗ್ಯಾದ ಅಷ್ಟ. ಮೂರು ಸಂಸಾರ ಒಬ್ಬಾಂವ ನೋಡಿದ್ರ ಮನುಷ್ಯಾಗೂ ಆಗತದ."

ನಾನು ನಕ್ಕೆ. ಅಂಗಳದಲ್ಲಿ ಟಗರಿಗೆ ಊರಿನವರ ಒಂದು ಕುರಿ ಬಿಟ್ಟು, ಬೀಜದ ಒಂದು ತೊಟ್ಟು ತೆಗೆದು ಗಾಜಿನ ಮೇಲೆ ಹಾಕಿ ಮಷಿನ್ನಿಗೆ ಕಣ್ಣು ಹಚ್ಚಿದೆ. ಬೀಜಗಳೇನೋ ಇದ್ದವು, ಮುಂದೆ ಮಾತ್ರ ಸಾಗುತ್ತಿರಲಿಲ್ಲ. ಕೆಲವು ಇದ್ದಲ್ಲೇ ನಡುಗುತ್ತಿದ್ದವು, ಕೆಲವು ಗಾಣದ ಎತ್ತಿನಂತೆ ಸುತ್ತುತ್ತಿದ್ದವು. ಬಹಳಷ್ಟರ ಕೊರಳಿಗೆ ಒಂದೊಂದು ಸಣ್ಣ ಹನಿ ಅಂಟಿತ್ತು. ಹಿಂದೆ ನೋಡಿದ ಒಳ್ಳೆಯ ಟಗರಿನವು ಹೀಗಿರಲಿಲ್ಲ.

"ಮುತ್ಯಾ, ಬೀಜ ಕೆಟ್ಟಾವ. ಈ ಟಗರಿನ ಕತಿ ಮುಗೀತು" ಎಂದೆ.

"ಖರೇನ?"

"ಮಷಿನ್ ಸುಳ್ಳು ಹೇಳಂಗಿಲ್ಲ."

ಮುತ್ಯಾ ತಲೆಯ ಮೇಲಿನ ಕಂಬಳಿ ತೆಗೆದು ಹೆಗಲಿಗೆ ಹಾಕಿಕೊಂಡ. ಆಯಿ ಟಗರಿನ ಬಾಯಿಂದ ಸೆರಗು ಬಿಡಿಸಿಕೊಂಡಳು. ಅದು ಮತ್ತೆ ಹಿಡಿಯಿತು.

ಎರಡು ವಾರಕ್ಕೆ ಸಾಹೇಬರು ಬಂದರು. ರಿಜಿಸ್ಟರು ತಿರುವುತ್ತಾ ನನ್ನ ಷರಾ ಓದಿದರು. ಬೆರಳು ನಿಂತಿತು.

"ಕೊರಳಾಗ ಹನಿ ಇತ್ತು ಅಂತ ನೀನ ಬರದೀಯಲ್ಲ. ಅದು ಕೆಟ್ಟ ಬೀಜ ಅಲ್ಲ ಮಿಯಾ, ಕಾಯಿ ಬೀಜ. ಹುಟ್ಟಿದಾಗ ಕೊರಳಾಗ ಹನಿ ಇರತದ. ನೂಲಿನಾಗ ಸಾಗಿ ಬರ್ತಾ ಬರ್ತಾ ಅದು ಬಾಲದ ಕಡಿ ಜಾರಿ ಉದುರತದ, ಆಗ ಈಸಾಕ ಕಲೀತದ. ಮೂರು ಹಿಂಡಿಗಿ ಬಿಟ್ರ ಹಣ್ಣಾಗಾಕ ಪುರಸತ್ತು ಎಲ್ಲದ? ಹದಿನೈದು ದಿನ ಕಟ್ಟಿ ಮೇವು ಹಾಕಿದ್ರ ಮುಗೀತಿತ್ತು."

ಸೈಕಲ್ ತೆಗೆದುಕೊಂಡು ಬೋನಾಳಕ್ಕೆ ಹೋದೆ. ಕೆರೆ ಏರಿಯ ಕೆಳಗೆ ಹಿಂಡು ಮೇಯುತ್ತಿತ್ತು. ಕರಿಯದು ಒಂದೂ ಕಾಣಲಿಲ್ಲ. ಮುತ್ಯಾ ನನ್ನನ್ನು ನೋಡಿ ಎದ್ದು ನಿಂತ. ನಾನು ಎಲ್ಲವನ್ನೂ ಹೇಳಿದೆ.

"ನಿಮ್ಮಲ್ಲಿಂದ ಹೊಂಟಾಗ ಈಕೀನ ಮುಂದ ಕಳಿಸಿ, ಹಾದ್ಯಾಗ ಸುರಪುರದ ಕಸಾಯಿಗಿ ಕೊಟ್ಟು ಬಂದ್ನಿ" ಎಂದ. "ಮನಿ ತನಕ ತಂದ್ರ ಈಕಿ ಬಿಡತಿದ್ದಿಲ್ಲ."

ಅಷ್ಟೇ. ಬೈಯಲಿಲ್ಲ. ಬೈದಿದ್ದರೆ ನಾನು ಬೇಗ ಎದ್ದು ಬರುತ್ತಿದ್ದೆ. ಆಯಿ ಒಂದು ಚೊಂಬು ಮಜ್ಜಿಗೆ ತಂದು ಮುಂದಿಟ್ಟು, ಕೊರಳಿನ ಹನಿಯ ವಿಷಯ ಮತ್ತೊಮ್ಮೆ ಹೇಳು ಎಂದಳು. ಹೇಳಿದೆ. ಕಾಯಿ ಇದ್ದಾಗ ಹನಿ ಇರುತ್ತದೆ, ಹಣ್ಣಾದಾಗ ಉದುರುತ್ತದೆ ಎಂದೆ.

"ನೀ ಈ ಕೆಲಸಕ್ಕ ಸೇರಿ ಎಷ್ಟು ವರ್ಷಾತಪ್ಪ?"

"ಏಳೆಂಟು ವರ್ಷ, ಆಯಿ."

ಅವಳು ನನ್ನ ಗದ್ದ ಹಿಡಿದೆತ್ತಿ, ಕಣ್ಣು ಕಿರಿದು ಮಾಡಿ ನೋಡಿದಳು. "ನಿನ್ನ ಕೊರಳಾಗೂ ಇನ್ನಾ ಅದ ನೋಡು."

ನಾನು ಟಗರಲ್ಲ

ಇಂಥ ತಪ್ಪು ಮತ್ತೆ ಆಗಬಾರದು ಎಂದು ಸಾಹೇಬರು ಅಧಿಕಾರಿಗಳಿಗೆ ತಿಳಿಸಿದರು. ಅವರು ವಡಗೇರಾದಲ್ಲಿ ಒಂದು ಸಭೆ ಇಟ್ಟರು. ಭಾಷಣ ಅವರದು, ಅದನ್ನು ನಮ್ಮ ಕಡೆಯ ಮಾತಿಗೆ ತಿರುಗಿಸುವ ಕೆಲಸ ನನ್ನದು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಬೇವಿನ ಮರದ ಕೆಳಗೆ ಕೂತಿದ್ದರು.

"ಸಸ್ತನಿಗಳಲ್ಲಿ ವೀರ್ಯಾಣುಗಳು ಉತ್ಪತ್ತಿಯಾದ ಕೂಡಲೇ ಪಕ್ವವಾಗಿರುವುದಿಲ್ಲ" ಎಂದರು ಅಧಿಕಾರಿಗಳು.

"ಮೊಲಿ ಕುಡಿಸೋ ಜಾತ್ಯಾಗ ಗಂಡಿನ ಬೀಜ ಹುಟ್ಟಿದ ಕೂಡಲೆ ಹಣ್ಣಾಗಿರಂಗಿಲ್ಲ" ಎಂದೆ ನಾನು.

ಬೇವಿನ ಮರದ ಕೆಳಗಿನಿಂದ ಒಂದು ಧ್ವನಿ: "ಮೊಲಿ ಕುಡಿಸೋ ಜಾತಿ ಅಂದ್ರ ನಾವೂ ಬಂದ್ವೇನ್ರಿ ಅದರಾಗ?"

"ಬಂದ್ರಿ. ಮನುಷ್ಯಾರೂ ಬಂದ್ರು." ಅಲ್ಲಿಗೆ ನನ್ನ ಬಾಯಿ ನಿಂತಿದ್ದರೆ ಸಾಕಿತ್ತು. ಅಧಿಕಾರಿಗಳು, "ಆದ್ದರಿಂದ ಗಂಡಿಗೆ ಹದಿನೈದು ದಿನ ವಿಶ್ರಾಂತಿ ಕೊಟ್ಟು ಪ್ರತ್ಯೇಕವಾಗಿ ಕಟ್ಟತಕ್ಕದ್ದು" ಎಂದರು. ನಾನು ಗಂಟಲು ಏರಿಸಿ, "ಗಂಡಿಗಿ ಹದಿನೈದು ದಿನ ಸೂಟಿ! ಬ್ಯಾರೆ ಕಡಿ ಕಟ್ಟಬೇಕು!" ಎಂದೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅಷ್ಟು ಗಮನ ಕೊಟ್ಟು ಕೇಳಿದ ಸಭೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಒಂದು ವಾರದ ಮೇಲೆ ಅದೇ ಊರಿನ ಒಬ್ಬ ಗಟ್ಟಿಮುಟ್ಟಾದ ಆಳು ದವಾಖಾನಿಗೆ ಬಂದ. ಜೊತೆಗೆ ದನವಿಲ್ಲ, ಆಡಿಲ್ಲ. ಮೈಗೆಲ್ಲಾ ಹುಲ್ಲು ಅಂಟಿತ್ತು.

"ಕಂಪೌಂಡರ್ ಸಾಹೇಬ್ರ, ಆರು ದಿನಾತು, ಎಮ್ಮಿ ಜೋಡಿ ಕೊಟ್ಟಿಗ್ಯಾಗ ಮಲಗಾಕತ್ತೀನಿ."

"ಯಾಕ?"

"ಹೇಣತಿ ಒಳಗ ಬಿಡವಲ್ಲಳು. ಮೈಸೂರಿಂದ ಹುಕುಂ ಬಂದಾದಂತ, ಸರಕಾರದ ಸೂಟಿ ಅಂತ. ನಾ ಟಗರಲ್ಲ ಅಂತ ಒಂದು ಚೀಟಿ ಬರದು ಕೊಡ್ರಿ. ನಿಮ್ಮ ಕಾಲು ಬೀಳತೀನಿ."

ನಗು ತಡೆದುಕೊಳ್ಳಲು ಒಳಗೆ ಹೋಗಿ ಗೋಡೆ ಹಿಡಿದು ನಿಂತೆ. ಆಮೇಲೆ ಹೊರಗೆ ಬಂದು ಹೊಸ ನಮೂನೆಯ ಕಾಗದ ತೆಗೆದು ನನ್ನ ಒಳ್ಳೆಯ ಅಕ್ಷರದಲ್ಲಿ ಬರೆದೆ: "ಈ ಚೀಟಿ ತಂದವರು ಟಗರಲ್ಲ. ಸದರಿ ಸೂಟಿ ಇವರಿಗೆ ಅನ್ವಯಿಸುವುದಿಲ್ಲ." ಕೆಳಗೆ ದವಾಖಾನಿಯ ಮುಹರ್ ಹೊಡೆದೆ. ಅವನು ಅದನ್ನು ಕಣ್ಣಿಗೆ ಒತ್ತಿಕೊಂಡು, ಅಂಗಿಯ ಒಳಜೇಬಿನಲ್ಲಿಟ್ಟು, ಬಸ್ಸಿಗೂ ಕಾಯದೆ ನಡೆದೇ ಹೋದ.

ಇಷ್ಟನ್ನು ನಾನು ಮೂವತ್ತು ವರ್ಷ ಕಂಡ ಕಂಡಲ್ಲಿ ಹೇಳಿ ನಗಿಸಿದ್ದೇನೆ. ಮುಂದಿನದನ್ನು ಯಾರಿಗೂ ಹೇಳಿರಲಿಲ್ಲ.

ಹತ್ತು ದಿನದ ಮೇಲೆ ಒಬ್ಬ ಹೆಣ್ಣುಮಗಳು ಜ್ವರ ಬಂದ ಆಡು ಹಿಡಿದುಕೊಂಡು ಬಂದಳು. ಬಗಲಲ್ಲಿ ಒಂದು ಕೂಸು, ಸೀರೆ ಹಿಡಿದು ಎರಡು. ವಯಸ್ಸು ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಕಣ್ಣ ಸುತ್ತ ಕಪ್ಪು. ಆಡಿಗೆ ಔಷಧ ಕುಡಿಸಿದ ಮೇಲೂ ಹೋಗಲಿಲ್ಲ.

"ಚೀಟಿ ಬರದವರು ನೀವ ಏನ್ರಿ?"

"ಹೌದವ್ವಾ" ಎಂದೆ, ನಗುತ್ತಲೇ.

"ಲಗ್ನಾಗಿ ಆರು ವರ್ಷಾತ್ರಿ. ನಾಕು ಮಕ್ಕಳು. ದೊಡ್ಡದು ಮನ್ಯಾಗ ಅದ. ಈ ಆರು ವರ್ಷದಾಗ ನಾ ಮೈತುಂಬ ನಿದ್ದಿ ಮಾಡಿದ್ದು ಆ ಆರು ದಿನಾನ. ಇನ್ನಾ ಒಂಬತ್ತು ದಿನ ಅವ ಅಂತ ಗ್ವಾಡಿ ಮ್ಯಾಲ ಇದ್ದಲಿ ಹಿಡದು ಗೀಟು ಹಾಕ್ಕೊಂಡು ಕುಂತಿದ್ದೆ. ನೀವು ಮುಹರ್ ಹೊಡದು ಕಳಿಸಿದ್ರಿ."

ನನ್ನ ನಗು ಎಲ್ಲಿ ಹೋಯಿತೋ. ನಾನು ಕೂತಿದ್ದ ಸ್ಟೂಲು ಅವಳ ಕಡೆ ಸರಿಸಿದೆ. "ತಪ್ಪಾತವ್ವಾ" ಎಂದೆ. "ಈಗ ನಾ ಏನು ಮಾಡಲಿ, ನೀನ ಹೇಳು."

ಅದಕ್ಕೆ ಅವಳು ಕೇಳಿದ್ದನ್ನು ನಾನು ಕೊಡಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಸರಕಾರಿ ಕಾಗದ, ನೌಕರಿ, ಜನ ಏನಂದಾರು ಎಂದೆಲ್ಲಾ ಹಿಂಜರಿದೆ. ಗಂಡಸು ಕೇಳಿದಾಗ ಇದ್ಯಾವುದೂ ನೆನಪಾಗಿರಲಿಲ್ಲ. ಕೊಡಬೇಕಾಗಿತ್ತು.

ಅವಳು ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡು ಮೇಜಿನ ಮೇಲಿದ್ದ ಮುಹರ್ ಕಡೆ ಕೈ ತೋರಿಸಿದಳು.

"ಅದು ಇನ್ನಾ ಇಲ್ಲೇ ಅದಲ್ಲ. ನನಗೂ ಒಂದು ಚೀಟಿ ಬರದು ಕೊಡ್ರಿ."

"ಏನಂತ?"

"ಅಂವ ಟಗರ ಹೌದು ಅಂತ."